ಕೈ ಕೊಡದ ಡ್ರಾಪರ್ ಹುಡುಕುತ್ತಾ

ನನ್ನ ಸೈಕಲ್ಲಿನ ಹಳೇ ಡ್ರಾಪರ್ ಸೀಟ್‌ಪೋಸ್ಟ್, ಅಂದರೆ ಸೀಟನ್ನು ಬೇಕಾದಾಗ ಏರಿಸಿ ಇಳಿಸುವ ಕಂಬ, ಒಂದೇ ಸಲಕ್ಕೆ ಕೆಟ್ಟು ನಿಲ್ಲಲಿಲ್ಲ. ನಿಧಾನಕ್ಕೆ ಕುಸಿಯುತ್ತಾ ಬಂತು. ಮೊದಮೊದಲು ಕೂತಾಗ ಸೀಟು ಒಂದೆರಡು ಮಿಲಿಮೀಟರ್ ಒಳಕ್ಕೆ ಹೋದ ಹಾಗೆ ಅನ್ನಿಸುತ್ತಿತ್ತು, ಅಷ್ಟೇ. ಆಮೇಲೆ ಅದು ಬೆರಳಗಲ ಆಯಿತು. ಕೊನೆಕೊನೆಗೆ ಏರು ಹತ್ತುವಾಗ ಪ್ರತಿ ಪೆಡಲಿಗೂ ಸೀಟು ಮೇಲೆ ಕೆಳಗೆ ಆಡತೊಡಗಿತು. ಸೀಟಿನ ಎತ್ತರ ಕಮ್ಮಿಯಾದರೆ ಕಾಲು ಪೂರ್ತಿ ಚಾಚುವುದಿಲ್ಲ, ತೊಡೆ ಬೇಗ ಸೋಲುತ್ತದೆ. ಏರು ಮುಗಿಯುವಷ್ಟರಲ್ಲಿ ಮಂಡಿಯ ಮುಂಭಾಗ ಹಿಡಿದುಕೊಂಡಿರುತ್ತಿತ್ತು.

ಡ್ರಾಪರ್ ಬಳಸದವರಿಗಾಗಿ ಎರಡು ಮಾತು. ಪೆಡಲ್ ತುಳಿಯುವಾಗ ಸೀಟು ಎತ್ತರಕ್ಕಿರಬೇಕು. ಕಡಿದಾದ ಇಳಿಜಾರಿನಲ್ಲಿ ಅದೇ ಸೀಟು ತೊಡೆಗೆ, ಹೊಟ್ಟೆಗೆ ಅಡ್ಡ ಬರುತ್ತದೆ. ಮೈಯನ್ನು ಕೆಳಕ್ಕೆ ತರಲು ಜಾಗವೇ ಇರುವುದಿಲ್ಲ. ಡ್ರಾಪರ್ ಇದ್ದರೆ ಹ್ಯಾಂಡಲಿನ ಮೇಲಿರುವ ಲಿವರ್ ಒತ್ತಿ ಸೀಟಿನ ಮೇಲೆ ಭಾರ ಬಿಟ್ಟರೆ ಸಾಕು, ಅದು ಕೆಳಗಿಳಿಯುತ್ತದೆ. ಭಾರ ತೆಗೆದು ಮತ್ತೆ ಲಿವರ್ ಒತ್ತಿದರೆ ತಾನೇ ಮೇಲೆ ಬರುತ್ತದೆ. ಈ ಯೋಚನೆ ಹೊಸದೇನಲ್ಲ. 1980ರ ದಶಕದಲ್ಲೇ ಜೋ ಬ್ರೀಝ್ ಮತ್ತು ಜೋಶ್ ಏಂಜೆಲ್ ಸೇರಿ ಹೈಟ್ ರೈಟ್ ಅನ್ನುವ ಸ್ಪ್ರಿಂಗ್ ಮಾಡಿದ್ದರು. ಪೋಸ್ಟನ್ನು ಫ್ರೇಮಿಗೆ ಬಿಗಿಯುವ ಸೀಟ್ ಕ್ಲಾಂಪ್ ಸಡಿಲಿಸಿ ಸೀಟು ಇಳಿಸಿದರೆ, ಮುಂದಿನ ಸಲ ಸಡಿಲಿಸಿದಾಗ ಸ್ಪ್ರಿಂಗೇ ಅದನ್ನು ಮೇಲೆ ತರುತ್ತಿತ್ತು. ಈಗಂತೂ ಇದು ಮೌಂಟನ್ ಬೈಕಿಗಷ್ಟೇ ಉಳಿದಿಲ್ಲ. 2022ರ ಮಿಲಾನ್–ಸಾನ್ ರೆಮೊ ರೇಸಿನಲ್ಲಿ ಸ್ಲೊವೇನಿಯಾದ ಮಾತೇಯ್ ಮೊಹೊರಿಚ್ ರೋಡ್ ಬೈಕಿಗೇ ಡ್ರಾಪರ್ ಹಾಕಿಕೊಂಡು ಬಂದಿದ್ದರು. ಕೊನೆಯ ಗುಡ್ಡವಾದ ಪೊಜ್ಜಿಯೊದ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದೇಬಿಟ್ಟರು.

ನನ್ನ ಪೋಸ್ಟಿಗೆ ಆಗಿದ್ದೇನು ಅಂತ ತಿಳಿಯಲು ಅದರ ಒಳಗೆ ಏನಿದೆ ಅಂತ ಗೊತ್ತಾಗಬೇಕು. ಹೆಚ್ಚಿನ ಡ್ರಾಪರುಗಳ ಹೊಟ್ಟೆಯಲ್ಲಿರುವುದು ಬೀಗ ಹಾಕಬಹುದಾದ ಒಂದು ಗ್ಯಾಸ್ ಸ್ಪ್ರಿಂಗ್. ಆಫೀಸಿನ ಕುರ್ಚಿಯನ್ನು ಏರಿಸಿ ಇಳಿಸುವ ಕಂಬದ ಹಾಗೆಯೇ ಇದೂ. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಒತ್ತಡದಲ್ಲಿರುವ ಗ್ಯಾಸ್. ಎರಡರ ನಡುವೆ ಜಾರುವ ಒಂದು ಪಿಸ್ಟನ್, ಅದರ ಸುತ್ತ ರಬ್ಬರಿನ ಸೀಲ್. ಲಿವರ್ ಒತ್ತಿದಾಗ ಒಂದು ವಾಲ್ವ್ ತೆರೆದು ಎಣ್ಣೆ ಓಡಾಡುತ್ತದೆ, ಬಿಟ್ಟಾಗ ವಾಲ್ವ್ ಮುಚ್ಚುತ್ತದೆ. ಎಣ್ಣೆಯನ್ನು ಎಷ್ಟೇ ಅದುಮಿದರೂ ಅದು ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಹಾಗಾಗಿ ಸೀಟು ಕಲ್ಲಿನ ಹಾಗೆ ನಿಲ್ಲುತ್ತದೆ. ಆದರೆ ಸೀಲ್ ಸವೆದು ಗ್ಯಾಸ್ ಎಣ್ಣೆಯ ಕಡೆಗೆ ನುಸುಳಿದರೆ ಕತೆ ಬೇರೆ. ಗ್ಯಾಸ್ ಕುಗ್ಗುತ್ತದೆ, ಅದರ ಜೊತೆ ಸೀಟೂ ಕುಗ್ಗುತ್ತದೆ. ನನ್ನ ಮಂಡಿಗೆ ಗೊತ್ತಾಗುತ್ತಿದ್ದದ್ದು ಅದೇ.

ಮೆಕ್ಯಾನಿಕ್ ಹುಡುಗ ಪೋಸ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಕೆಳಗಿನ ತುದಿಯಲ್ಲಿ ಬಿಚ್ಚಲು ಬರುವ ಒಂದು ನಟ್ಟೂ ಇರಲಿಲ್ಲ, ಅಂಚು ಮಡಿಸಿ ಮುಚ್ಚಿದ್ದರು. ‘ಅಣ್ಣ, ಇದನ್ನ ಬಿಚ್ಚೋಕೇ ಆಗಲ್ಲ. ಬಿಚ್ಚಿದ್ರೂ ಒಳಗಿನ ಪಾರ್ಟ್ ಸಿಗಲ್ಲ’ ಅಂದ. ಕಂಪನಿಗೆ ಬರೆದು ಕೇಳಿದೆ. ಆ ಮಾಡೆಲ್ ನಿಂತುಹೋಗಿದೆ, ಬಿಡಿಭಾಗ ಇಲ್ಲ ಅಂತ ಉತ್ತರ ಬಂತು. ಲೋಹದ ಕೊಳವೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬೆರಳ ತುದಿಯಷ್ಟು ರಬ್ಬರಿಗಾಗಿ ಇಡೀ ಪೋಸ್ಟನ್ನು ಎಸೆಯಬೇಕಾಯಿತು. ನನಗೆ ನಿಜಕ್ಕೂ ಸಿಟ್ಟು ಬಂತು.

ಹಾಗಾಗಿ ಹೊಸದನ್ನು ಹುಡುಕಲು ಕೂತಾಗ ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಇದು ಕೆಟ್ಟರೆ ನಾನೇನು ಮಾಡಬಹುದು? ಡ್ರಾಪರ್ ಅಂದಮೇಲೆ ಮಣ್ಣು, ನೀರು, ಬಡಿತ ಎಲ್ಲಾ ತಿನ್ನುತ್ತದೆ. ಮನುಷ್ಯನ ಪೂರ್ತಿ ಭಾರವನ್ನು ಒಂದು ಸಣ್ಣ ವಾಲ್ವ್ ಹೊತ್ತು ನಿಂತಿರುತ್ತದೆ. ಒಂದಲ್ಲ ಒಂದು ದಿನ ಅದು ಕೆಲಸ ಕೇಳಿಯೇ ಕೇಳುತ್ತದೆ. ಆ ದಿನ ಮನೆಯಲ್ಲಿರುವ ಅಲೆನ್ ಕೀ, ಸ್ವಲ್ಪ ಗ್ರೀಸ್, ಅರ್ಧ ದಿನದ ಬಿಡುವು ಇಷ್ಟರಲ್ಲಿ ಸರಿಮಾಡಲು ಬಂದರೆ ಆ ಪೋಸ್ಟನ್ನು ನಂಬಬಹುದು. ಎಷ್ಟು ಹಗುರ, ಎಷ್ಟು ನುಣುಪು, ಯಾವ ಬಣ್ಣ ಇವೆಲ್ಲ ನನಗೆ ಆಮೇಲಿನ ಮಾತು.

ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಮಾರುಕಟ್ಟೆಯಲ್ಲಿರುವ ಪೋಸ್ಟುಗಳು ಬೇರೆಯೇ ರೀತಿಯಲ್ಲಿ ಕಾಣುತ್ತವೆ. ಒಂದು ಬಗೆಯಲ್ಲಿ ಎಣ್ಣೆ, ಗ್ಯಾಸ್, ವಾಲ್ವ್ ಎಲ್ಲಾ ಒಂದು ಮುಚ್ಚಿದ ಕಾರ್ಟ್ರಿಜ್ ಒಳಗಿರುತ್ತದೆ. ಕಾರ್ಟ್ರಿಜ್ಜನ್ನು ರಿಪೇರಿ ಮಾಡಲು ಆಗುವುದಿಲ್ಲ, ಆದರೆ ಅದಷ್ಟನ್ನೇ ತೆಗೆದು ಹೊಸದು ಹಾಕಬಹುದು. ವನ್‌ಅಪ್ ಕಂಪನಿಯ ಪೋಸ್ಟು ಹೀಗೆಯೇ. ಇನ್ನೊಂದು ಬಗೆ ಬೈಕ್‌ಯೋಕ್‌ನವರ ರಿವೈವ್‌ನದ್ದು. ಗ್ಯಾಸ್ ಎಣ್ಣೆಗೆ ಸೇರಿ ಸೀಟು ಮೆತ್ತಗಾದರೆ, ಪೋಸ್ಟಿನ ತಲೆಯ ಹತ್ತಿರ ಇರುವ ವಾಲ್ವ್ ತೆರೆದು ಸೀಟನ್ನು ಪೂರ್ತಿ ಕೆಳಗೆ ಒತ್ತಿ ಮುಚ್ಚಿದರೆ ಸಾಕು, ಮತ್ತೆ ಗಟ್ಟಿಯಾಗುತ್ತದೆ. ದಾರಿ ಮಧ್ಯದಲ್ಲೇ ಮಾಡಿಕೊಳ್ಳಬಹುದು. ಈ ಉಪಾಯ ನನಗೆ ತುಂಬಾ ಹಿಡಿಸಿತು. ಸೀಲ್ ಯಾವತ್ತೂ ಸೋಲುವುದಿಲ್ಲ ಅಂತ ಸುಮ್ನೆ ಹೇಳಿಕೊಳ್ಳದೆ, ಸೋತಾಗ ಏನು ಮಾಡಬೇಕು ಅಂತ ಮೊದಲೇ ಯೋಚಿಸಿದ್ದಾರೆ. ಪೂರ್ತಿ ಯಾಂತ್ರಿಕವಾಗಿ ಬೀಗ ಬೀಳುವ ಪೋಸ್ಟುಗಳೂ ಇವೆ. ಫಾಕ್ಸ್ ಟ್ರಾನ್ಸ್‌ಫರ್ ಎಸ್‌ಎಲ್‌ಗೆ ಎರಡೇ ನೆಲೆ: ಪೂರ್ತಿ ಮೇಲೆ, ಇಲ್ಲ ಪೂರ್ತಿ ಕೆಳಗೆ. ರೇಸ್ ಓಡಿಸುವವರಿಗೆ ಅದು ಸಾಕು. ನನಗೆ ನಡುವಿನ ಎತ್ತರ ಬೇಕು. ಏರಿಳಿತ ಎರಡೂ ಇರುವ ಕಲ್ಲು ದಾರಿಯಲ್ಲಿ ಸೀಟನ್ನು ನಾಲ್ಕೈದು ಸೆಂಟಿಮೀಟರ್ ಇಳಿಸಿಕೊಂಡೇ ತುಳಿಯುವ ಅಭ್ಯಾಸ ನನ್ನದು.

ವೈರ್‌ಲೆಸ್ ಬಗ್ಗೆಯೂ ಯೋಚಿಸಿದೆ. ರಾಕ್‌ಶಾಕ್ಸ್‌ನ ರಿವರ್ಬ್ ಎಎಕ್ಸ್‌ಎಸ್ 2019ರಲ್ಲಿ ಬಂತು. ಫ್ರೇಮಿನೊಳಗೆ ಕೇಬಲ್ ಎಳೆಯುವ ರಗಳೆಯೇ ಇಲ್ಲ. ಗುಂಡಿ ಒತ್ತಿದರೆ ಆಯಿತು. ಎರಡು ಸೈಕಲ್ ಇರುವವರು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳುವುದೂ ಸಲೀಸು. ಆದರೆ ಬ್ಯಾಟರಿ ಚಾರ್ಜ್ ಮಾಡಲು ನೆನಪಿರಬೇಕು. ಸೀಟಿನ ಹಿಂದೆ ಬ್ಯಾಟರಿ ಕೂತಿರುವುದರಿಂದ ಸಣ್ಣ ಫ್ರೇಮುಗಳಲ್ಲಿ ಹಿಂದಿನ ಟೈರಿಗೆ ಜಾಗ ಸಾಲುತ್ತದಾ ಅಂತ ನೋಡಿಕೊಳ್ಳಬೇಕು. ನನಗೆ ಕೇಬಲ್ಲೇ ಇರಲಿ ಅನ್ನಿಸಿತು. ಕೇಬಲ್ ತುಂಡಾದರೆ ಗೇರಿನ ಕೇಬಲ್ಲೇ ಇದಕ್ಕೂ ಆಗುತ್ತದೆ, ಎಲ್ಲಿ ಬೇಕಾದರೂ ಸಿಗುತ್ತದೆ. ಹೈಡ್ರಾಲಿಕ್ ಲಿವರನ್ನು ಪಟ್ಟಿಯಿಂದ ಮೊದಲೇ ತೆಗೆದಿದ್ದೆ. ಸೀಟು ಇಳಿಸಲು ಬ್ರೇಕಿನ ಹಾಗೆ ಎಣ್ಣೆ ತುಂಬಿ ಗಾಳಿ ತೆಗೆಯುವ ಕೆಲಸ ಇನ್ನೊಂದು ಯಾಕೆ, ಅಲ್ವಾ?

ಇಷ್ಟಾದ ಮೇಲೆ ಅಳತೆ. ಇಲ್ಲಿ ಎಷ್ಟು ಹೊತ್ತು ಕಳೆದರೂ ಕಡಿಮೆಯೇ. ಒಳ್ಳೆಯ ಪೋಸ್ಟು ತಪ್ಪು ಅಳತೆಯದ್ದಾದರೆ ಅದರಿಂದ ಏನೂ ಉಪಯೋಗವಿಲ್ಲ.

ಮೊದಲು ದಪ್ಪ. ಸೀಟ್ ಟ್ಯೂಬಿನ, ಅಂದರೆ ಪೋಸ್ಟು ಕೂರುವ ಫ್ರೇಮಿನ ಕೊಳವೆಯ, ಒಳವ್ಯಾಸ ಸಾಮಾನ್ಯವಾಗಿ 27.2, 30.9, 31.6 ಅಥವಾ 34.9 ಮಿಲಿಮೀಟರ್ ಇರುತ್ತದೆ. ಹಳೇ ಪೋಸ್ಟಿನ ಮೇಲೆ ಈ ಸಂಖ್ಯೆ ಕೆತ್ತಿರುತ್ತಾರೆ. ನನ್ನದು 31.6. ದಪ್ಪ ಇದ್ದಷ್ಟೂ ಒಳ್ಳೆಯದು. ಒಳಗಿನ ಕೊಳವೆಯೂ ದಪ್ಪಗಿರುತ್ತದೆ, ಬಾಗುವುದು ಕಡಿಮೆ, ಎರಡು ಕೊಳವೆಗಳ ನಡುವಿನ ಜಾರುಬಳೆ, ಅಂದರೆ ಬುಶಿಂಗ್, ಸವೆಯುವುದೂ ಕಡಿಮೆ. 27.2ರಲ್ಲಿ ಆಯ್ಕೆಯೂ ಕಡಿಮೆ. 31.6ರ ಫ್ರೇಮಿಗೆ 30.9ರ ಪೋಸ್ಟನ್ನು ಸಂದು ತುಂಬುವ ತೆಳು ಶಿಮ್ ಸುತ್ತಿ ಹಾಕಬಹುದು. ಆದರೆ ಸರಿಯಾದ ಅಳತೆಯದ್ದೇ ಸಿಗುವಾಗ ಮಣ್ಣು ಕೂರಲು ಇನ್ನೊಂದು ಸಂದು ಯಾಕೆ ಮಾಡಿಕೊಳ್ಳಬೇಕು?

ಆಮೇಲೆ ಎಷ್ಟು ಇಳಿಯಬೇಕು ಅನ್ನುವುದು. ಇದಕ್ಕೆ ಸೀಟನ್ನು ಪೆಡಲ್ ತುಳಿಯುವ ಎತ್ತರಕ್ಕೆ ಇಟ್ಟು, ಫ್ರೇಮಿನ ಸೀಟ್ ಕ್ಲಾಂಪಿನ ಮೇಲ್ಭಾಗದಿಂದ ಸೀಟಿನ ಕೆಳಗಿರುವ ಕಂಬಿಯ ಮಧ್ಯದವರೆಗೆ ಟೇಪು ಹಿಡಿಯಬೇಕು. ಈ ಅಳತೆಯೊಳಗೆ ಎರಡು ಸಂಗತಿ ಹಿಡಿಸಬೇಕು: ಪೋಸ್ಟು ಇಳಿಯುವ ದೂರ, ಜೊತೆಗೆ ಪೂರ್ತಿ ಇಳಿದ ಮೇಲೂ ಹೊರಗೆ ಉಳಿಯುವ ಕಾಲರ್ (ಹೊರಕೊಳವೆಯ ಬಾಯಿಗೆ ತಿರುಗಿಸಿ ಹಾಕುವ ಬಳೆ) ಮತ್ತು ತಲೆಯ ಎತ್ತರ. ಆ ಎತ್ತರಕ್ಕೆ ಸ್ಟ್ಯಾಕ್ ಅನ್ನುತ್ತಾರೆ. ಉದಾಹರಣೆಗೆ ಟೇಪಿನಲ್ಲಿ 210 ಬಂತು, ಸ್ಟ್ಯಾಕ್ 40 ಇದೆ ಅಂದರೆ 170 ಇಳಿಯುವ ಪೋಸ್ಟು ಸರಿ. 180 ತಂದರೆ ಅದನ್ನು ಪೂರ್ತಿ ಫ್ರೇಮಿನೊಳಗೆ ತಳ್ಳಿದರೂ ಸೀಟು 10 ಮಿಲಿಮೀಟರ್ ಎತ್ತರವಾಗುತ್ತದೆ. 10 ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಅಷ್ಟು ಎತ್ತರದಲ್ಲಿ ತುಳಿದರೆ ಸೊಂಟ ಎಡಕ್ಕೂ ಬಲಕ್ಕೂ ತೂಗಾಡುತ್ತದೆ.

ಮೂರನೆಯ ಅಳತೆಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಪೋಸ್ಟು ಫ್ರೇಮಿನೊಳಗೆ ಎಷ್ಟು ಆಳ ಇಳಿಯಬಲ್ಲದು ಅನ್ನುವುದು. ಸೀಟ್ ಟ್ಯೂಬು ಹೊರಗಿನಿಂದ ನೇರ ಕಂಡರೂ ಒಳಗೆ ನೀರಿನ ಬಾಟಲಿಯ ಬೋಲ್ಟುಗಳು ಚಾಚಿಕೊಂಡಿರಬಹುದು. ಕೆಳಗೆ ಟ್ಯೂಬು ಬಾಗಿರಬಹುದು, ಸಸ್ಪೆನ್ಷನ್ನಿನ ಕೀಲು ಅಡ್ಡ ಇರಬಹುದು. ನಾನು ಹಳೇ ಪೋಸ್ಟು ಪೂರ್ತಿ ತೆಗೆದು, ಒಂದು ನೇರ ಕಡ್ಡಿಗೆ ಟೇಪು ಸುತ್ತಿ ಒಳಗೆ ಇಳಿಸಿದೆ. ಎಲ್ಲಿ ತಟ್ಟಿತೋ ಅಲ್ಲಿ ಬೆರಳು ಹಿಡಿದು ಹೊರಗೆ ತೆಗೆದು ಅಳೆದೆ. ಟಾರ್ಚ್ ಬಿಟ್ಟು ನೋಡಿದಾಗ ಬಾಟಲಿ ಬೋಲ್ಟಿನ ತುದಿ ಹೊಳೆಯುವುದು ಕಾಣಿಸಿತು. ಪೋಸ್ಟಿನ ಒಟ್ಟು ಉದ್ದ ನೋಡುವಾಗ ಕೆಳತುದಿಯಲ್ಲಿ ಕೇಬಲ್ ಸಿಕ್ಕಿಸುವ ಭಾಗವನ್ನೂ ಸೇರಿಸಬೇಕು. ಅದರ ಕೆಳಗೆ ಕೇಬಲ್ ಬಾಗಿ ಬರಲು ಇನ್ನೂ ಒಂದಿಷ್ಟು ಜಾಗ ಬಿಡಬೇಕು. ಬಿಡದಿದ್ದರೆ ಕೇಬಲಿನ ಹೊರಕವಚ ಒಳಗೇ ಮಡಚಿಕೊಂಡು ಲಿವರ್ ಕಲ್ಲಾಗುತ್ತದೆ.

ಫುಲ್ ಸಸ್ಪೆನ್ಷನ್ ಸೈಕಲ್ಲಿದ್ದರೆ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಹಿಂದಿನ ಶಾಕ್‌ನ ಗಾಳಿ ಪೂರ್ತಿ ತೆಗೆದು, ಸೀಟನ್ನು ಹೊಸ ಪೋಸ್ಟು ಇಳಿಯುವಷ್ಟು ಕೆಳಗಿಟ್ಟು, ಸೈಕಲ್ಲನ್ನು ಮೇಲಿನಿಂದ ಒತ್ತಿ. ಹಿಂದಿನ ಟೈರು ಸೀಟಿಗೆ ತಾಗಬಾರದು. 29 ಇಂಚಿನ ಚಕ್ರ, ಸಣ್ಣ ಫ್ರೇಮ್ ಎರಡೂ ಕೂಡಿದ ಕಡೆ ಇದು ತಾಗುವ ಸಾಧ್ಯತೆ ಇದೆ. ದೊಡ್ಡ ಹಾರಿಕೆ ಮುಗಿಸಿ ನೆಲ ಮುಟ್ಟುವ ಹೊತ್ತಿಗೆ ಟೈರು ಸೀಟನ್ನು ಹಿಡಿದುಕೊಂಡರೆ ಆಗುವ ಅನಾಹುತ ಸಣ್ಣದಲ್ಲ.

ನನ್ನ ಅಳತೆಗೆ 180 ಕೆಲವೇ ಮಿಲಿಮೀಟರಿನಷ್ಟು ಹೆಚ್ಚಾಗುತ್ತಿತ್ತು, 150 ತೀರಾ ಕಡಿಮೆ. ಇಲ್ಲಿ ನನ್ನನ್ನು ಕಾಪಾಡಿದ್ದು ಇಳಿಯುವ ದೂರವನ್ನು ಬದಲಿಸಬಹುದಾದ ಪೋಸ್ಟುಗಳು. ಪಿಎನ್‌ಡಬ್ಲ್ಯೂ ಕಂಪನಿಯ ಲೋಮ್ ಪೋಸ್ಟಿನಲ್ಲಿ 30 ಮಿಲಿಮೀಟರಿನವರೆಗೂ ಕಡಿಮೆ ಮಾಡಬಹುದು. ವನ್‌ಅಪ್‌ನ ವಿ2ರಲ್ಲಿ ಒಳಗೆ ಸಣ್ಣ ಶಿಮ್ ಸೇರಿಸಿದರೆ 10 ಅಥವಾ 20 ಕಡಿಮೆಯಾಗುತ್ತದೆ. ಬೇರೆ ಸೀಟು ಹಾಕಿದಾಗ, ದಪ್ಪ ಅಡಿಯ ಶೂ ಕೊಂಡಾಗ ಎತ್ತರ ಬದಲಾಗುತ್ತಲೇ ಇರುತ್ತದೆ. ಅದಕ್ಕೂ ಇದು ಅನುಕೂಲ.

ತೀರ್ಮಾನ ಮಾಡುವ ಮೊದಲು ಜೊತೆಗೆ ಓಡಿಸುವ ಗೆಳೆಯರ ಸೈಕಲ್‌ಗಳನ್ನೆಲ್ಲ ಒಂದು ಸುತ್ತು ಪರೀಕ್ಷೆ ಮಾಡಿದೆ. ಹೊಸ ಪೋಸ್ಟು ಎಲ್ಲವೂ ಚೆನ್ನಾಗೇ ಇರುತ್ತದೆ. ನನಗೆ ಬೇಕಿದ್ದದ್ದು ಕೆಲವು ಮಳೆಗಾಲ ಕಂಡ ಪೋಸ್ಟು. ಸೀಟನ್ನು ಅರ್ಧಕ್ಕೆ ಇಳಿಸಿ, ಲಿವರ್ ಬಿಟ್ಟು, ಪೂರ್ತಿ ಭಾರ ಹಾಕಿ ಕೂರುವುದು. ಕುಸಿದರೆ ತಕ್ಷಣ ಗೊತ್ತಾಗುತ್ತದೆ. ಸೀಟಿನ ಮೂಗು ಹಿಡಿದು ಎಡಬಲಕ್ಕೆ ಅಲ್ಲಾಡಿಸುವುದು. ಸ್ವಲ್ಪ ಆಟ ಎಲ್ಲದರಲ್ಲೂ ಇರುತ್ತದೆ, ತುಳಿಯುವಾಗ ಗೊತ್ತೂ ಆಗುವುದಿಲ್ಲ. ಟಕಟಕ ಸದ್ದು ಬಂದರೆ ಒಳಗಿನ ಪಿನ್ನುಗಳು ಸವೆದಿವೆ ಅಂತ ಅರ್ಥ. ಆಮೇಲೆ ಲಿವರ್ ಒತ್ತಿ ಮೇಲೆ ಬರಲು ಬಿಡುವುದು. ಕೊನೆಯಲ್ಲಿ ಟಕ್ ಅಂತ ಒಂದು ಸದ್ದು ಬಂದರೆ ಒಳ್ಳೆಯದು. ಸೀಟು ಪೂರ್ತಿ ಮೇಲೆ ಬಂತು ಅಂತ ತಿರುಗಿ ನೋಡದೆ ತಿಳಿಯುತ್ತದೆ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ‘ಇದನ್ನ ಕೊನೇ ಸಲ ಬಿಚ್ಚಿದ್ದು ಯಾವಾಗ?’ ತಾವೇ ಬಿಚ್ಚಿ ಗ್ರೀಸ್ ಹಾಕಿಕೊಳ್ಳುವವರ ಪೋಸ್ಟುಗಳು ಸಾಧಾರಣ ದರ್ಜೆಯವಾದರೂ ಗಟ್ಟಿಯಾಗಿದ್ದವು. ಬಿಚ್ಚಲು ಬರದ, ದುಬಾರಿ ಪೋಸ್ಟುಗಳಲ್ಲೂ ಒಂದೆರಡು ಮೆತ್ತಗಾಗಿದ್ದವು.

ಹಾಗಾಗಿ ವನ್‌ಅಪ್ ವಿ2, 31.6, 180 ಮಿಲಿಮೀಟರ್ ತರಿಸಿದೆ. ಹಾಕುವ ಮೊದಲೇ ಮೇಲಿನ ಕಾಲರ್ ತಿರುಗಿಸಿ ಬಿಚ್ಚಿ, ಶಿಮ್ ಸೇರಿಸಿ 170ಕ್ಕೆ ಇಳಿಸಿದೆ. ಹಿತ್ತಾಳೆಯ ಪುಟ್ಟ ಪಿನ್ನುಗಳು ಕೊಳವೆಯಲ್ಲಿ ಉದ್ದಕ್ಕೆ ಕೊರೆದ ಸಣ್ಣ ಕಾಲುವೆಗಳಲ್ಲಿ ಕೂತಿದ್ದವು. ಸೀಟು ಪಕ್ಕಕ್ಕೆ ತಿರುಗದ ಹಾಗೆ ಹಿಡಿಯುವುದು ಇವೇ. ಮೊದಲ ದಿನವೇ ಒಳಗೆ ಕೈ ಹಾಕಿದ್ದರಿಂದ ಒಂದು ಧೈರ್ಯ ಬಂತು.

ಕೇಬಲ್ ಎಳೆಯುವುದು ಬೇಜಾರಿನ ಕೆಲಸ. ಹಳೇ ಕೇಬಲಿನ ಹೊರಕವಚದ ತುದಿಗೆ ಹೊಸದನ್ನು ಜೋಡಿಸಿ, ಎಳೆದರೆ ಬಿಟ್ಟುಹೋಗದ ಹಾಗೆ ತೆಳ್ಳಗೆ ಟೇಪು ಸುತ್ತಿ, ಹಳೆಯದನ್ನು ಎಳೆಯುತ್ತಾ ಹೋದರೆ ಹೊಸದು ತಾನೇ ದಾರಿ ಹಿಡಿದು ಬರುತ್ತದೆ. ಹಳೆಯದನ್ನು ಮೊದಲೇ ಕಿತ್ತುಬಿಟ್ಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಕವಚವನ್ನು ಚೂಪಾದ ಕಟರಿನಿಂದ ನೇರವಾಗಿ ಕತ್ತರಿಸಬೇಕು. ಒಳಗಿನ ಪ್ಲಾಸ್ಟಿಕ್ ನಳಿಕೆ ಚಪ್ಪಟೆಯಾಗಿದ್ದರೆ ಸೂಜಿಯಿಂದ ಬಾಯಿ ಬಿಡಿಸಬೇಕು. ಈ ಪೋಸ್ಟಿನಲ್ಲಿ ಕೇಬಲಿನ ಗುಂಡು ತಲೆ ಪೋಸ್ಟಿನ ಕಡೆ ಕೂರುತ್ತದೆ, ಬಿಗಿಯುವ ಬೋಲ್ಟು ಲಿವರಿನ ಕಡೆ ಇರುತ್ತದೆ. ಕೊನೆಯ ಬಿಗಿತ, ಕತ್ತರಿಸುವುದು ಎಲ್ಲಾ ಹ್ಯಾಂಡಲಿನ ಹತ್ತಿರವೇ, ಕಣ್ಣೆದುರೇ ನಡೆಯುತ್ತದೆ. ಉಲ್ಟಾ ಇರುವ ಪೋಸ್ಟುಗಳಲ್ಲಿ ಕೇಬಲ್ ಎಷ್ಟು ಉದ್ದ ಬೇಕು ಅಂತ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ಬಿಗಿತದಲ್ಲಿ ಒಂದು ಹದ ಇದೆ. ಕೇಬಲ್ ತೀರಾ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಹೊಸ ಪೋಸ್ಟೇ ಕುಸಿಯುತ್ತದೆ. ಸಡಿಲವಾದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಸೀಟು ಸೋಮಾರಿಯಾಗಿ ಮೇಲೆ ಬರುತ್ತದೆ. ಲಿವರಿನಲ್ಲಿ ಸ್ವಲ್ಪವೇ ಸ್ವಲ್ಪ ಖಾಲಿ ಆಟ ಉಳಿಸಿದರೆ ಎರಡೂ ಸರಿಹೋಗುತ್ತದೆ. ಪೋಸ್ಟು ಕೆಟ್ಟಿದೆ ಅಂತ ಹೇಳುವ ಮೊದಲು ಲಿವರಿನಿಂದ ಕೇಬಲ್ ಬಿಡಿಸಿ ನೋಡಿ. ಎಷ್ಟೋ ಸಲ ತೊಂದರೆ ಕೇಬಲಿನಲ್ಲೇ ಇರುತ್ತದೆ.

ಸೀಟ್ ಕ್ಲಾಂಪಿನ ಬಗ್ಗೆ ಇನ್ನೂ ಒತ್ತಿ ಹೇಳಬೇಕು. ಡ್ರಾಪರಿನ ಹೊರಕೊಳವೆ ತೆಳ್ಳಗಿರುತ್ತದೆ. ಕ್ಲಾಂಪನ್ನು ಕೈಗೆ ಬಂದ ಹಾಗೆ ಬಿಗಿದರೆ ಕೊಳವೆ ಕಣ್ಣಿಗೆ ಕಾಣದಷ್ಟು ಅಮುಕಿಕೊಂಡು ಒಳಗಿನ ಬುಶಿಂಗನ್ನು ಹಿಡಿದುಬಿಡುತ್ತದೆ. ಸೀಟು ನಿಧಾನವಾಗುತ್ತದೆ, ಕೆಲವೊಮ್ಮೆ ನಡುವೆಯೇ ನಿಲ್ಲುತ್ತದೆ. ಟಾರ್ಕ್ ರೆಂಚ್ ಇಟ್ಟು 5 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿದೆ. ಫ್ರೇಮಿನವರು, ಪೋಸ್ಟಿನವರು ಹೇಳಿದ್ದರಲ್ಲಿ ಯಾವುದು ಕಡಿಮೆಯೋ ಅದನ್ನೇ ಪಾಲಿಸಬೇಕು. ಅಷ್ಟಕ್ಕೆ ಪೋಸ್ಟು ಜಾರಿದರೆ ಇನ್ನೂ ಬಿಗಿಯಬಾರದು, ಹರಳು ಇರುವ ಕಾರ್ಬನ್ ಪೇಸ್ಟ್ ಹಚ್ಚಬೇಕು.

ಇದಾದ ಮೇಲೆ ಒಂದು ಪೂರ್ತಿ ಮಳೆಗಾಲ ಓಡಿಸಿದ್ದೇನೆ. ಕೆಸರಿನಲ್ಲಿ ಹೋಗಿ ಬಂದ ದಿನ ಸೀಟನ್ನು ಪೂರ್ತಿ ಮೇಲೆತ್ತಿ ಹೊಳೆಯುವ ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತೇನೆ. ನೀರಿನ ಪೈಪನ್ನು ಕಾಲರಿನ ಸೀಲಿಗೆ ನೇರ ಹಿಡಿಯುವುದಿಲ್ಲ. ಸೀಟು ಕೆಳಗಿರುವಾಗ ಸೀಟು ಹಿಡಿದು ಸೈಕಲ್ ಎತ್ತುವುದಿಲ್ಲ, ಗೋಡೆಯ ಕೊಕ್ಕೆಗೆ ಸೀಟಿನಿಂದ ನೇತುಹಾಕುವುದೂ ಇಲ್ಲ. ಹಾಗೆ ಎಳೆದರೆ ಎಷ್ಟೋ ಪೋಸ್ಟುಗಳಲ್ಲಿ ಸೀಲಿನ ಮೇಲೆ ಉಲ್ಟಾ ಎಳೆತ ಬಿದ್ದು ಗ್ಯಾಸ್ ಎಣ್ಣೆಗೆ ನುಸುಳುತ್ತದೆ. ಸೀಟು ಬರುವುದು ನಿಧಾನವಾಯಿತು ಅನ್ನಿಸಿದಾಗ ಕಾಲರ್ ಬಿಚ್ಚಿದೆ. ಸೀಲಿನ ಕೆಳಗೆ ಬೂದು ಬಣ್ಣದ ಕೆಸರು ಉಂಗುರದ ಹಾಗೆ ಕಟ್ಟಿಕೊಂಡಿತ್ತು. ಒರೆಸಿ, ಪಿನ್ನುಗಳಿಗೆ ಹೊಸ ಗ್ರೀಸ್ ಹಚ್ಚಿ ಮುಚ್ಚಿದೆ. ಟಕ್ ಸದ್ದು ಮತ್ತೆ ಬಂತು.

ಸೀಟಿನ ಮೂಗಿನಲ್ಲಿ ಈಗ ಸ್ವಲ್ಪ ಆಟ ಶುರುವಾಗಿದೆ. ಒಂದು ಜೊತೆ ಹೊಸ ಪಿನ್ ತರಿಸಿಟ್ಟಿದ್ದೇನೆ, ಮುಂದಿನ ಸಲ ಕಾಲರ್ ಬಿಚ್ಚಿದಾಗ ಹಾಕಬೇಕು. ಕಾರ್ಟ್ರಿಜ್ ಇನ್ನೂ ಗಟ್ಟಿಯಾಗಿದೆ, ಅದಕ್ಕೆ ಕೈ ಹಾಕುವ ಅಗತ್ಯ ಇನ್ನೂ ಬಂದಿಲ್ಲ.